ಪೈಪ್‌ಲೈನ್‌ನಲ್ಲಿ ಯಾರಿಗೆ ಎಷ್ಟು ಪರ್ಮಿಷನ್ ಕೊಡಬೇಕು? ಪಾಸ್‌ರೋಲ್ ಎರರ್ ಬರುತ್ತಿದೆ, ಅಪ್ರೂವಲ್ ಕೂಡ ಆಗುತ್ತಿಲ್ಲ

ಹಾಲುಚೀಟಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ಮೂರು ದಿನದಿಂದ ಇದರಲ್ಲೇ ಮುಳುಗಿದ್ದೇನೆ.

ನಾವು ಮೈಸೂರಿನಲ್ಲಿ 9 ಜನರ ತಂಡ. ಹಳ್ಳಿ ಡೈರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಹಾಲು ಅಳೆದ ತಕ್ಷಣ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ), ರೇಟು, ಮೊತ್ತ ಎಲ್ಲ ಸೇರಿ ಒಂದು ಸಣ್ಣ ಚೀಟಿ ಬರುತ್ತಲ್ಲ, ಅದರ ಹಿಂದಿನ ಸರ್ವರ್ ನೋಡಿಕೊಳ್ಳುವವಳು ನಾನು. ಎಲ್ಲವೂ ಎಡಬ್ಲ್ಯುಎಸ್‌ನ (ಅಮೆಜಾನ್‌ನ ಕ್ಲೌಡ್) ಮುಂಬೈ ರೀಜನ್‌ನಲ್ಲಿದೆ. ಕೋಡ್ ಇರುವುದು ಗಿಟ್‌ಹಬ್‌ನಲ್ಲಿ. ಬಿಲ್ಡ್ ಆಗುವುದು ಕೋಡ್‌ಬಿಲ್ಡ್‌ನಲ್ಲಿ. ಅಲ್ಲಿಂದ ಸರ್ವರ್‌ಗೆ ತಲುಪಿಸುವುದು ಕೋಡ್‌ಪೈಪ್‌ಲೈನ್. ನಮ್ಮದು ಎರಡು ಪೈಪ್‌ಲೈನ್, ಒಂದು ಟೆಸ್ಟ್‌ಗೆ, ಒಂದು ಪ್ರೊಡಕ್ಷನ್‌ಗೆ. ಅದೇ ಅಕೌಂಟ್‌ನಲ್ಲಿ ಇನ್ನೊಂದು ತಂಡದ ಪಶು ಆಹಾರದ ಸ್ಟಾಕ್ ಲೆಕ್ಕದ ಪೈಪ್‌ಲೈನ್ ಕೂಡ ಇದೆ.

ಶುರುವಿನಿಂದಲೂ ಎಲ್ಲರಿಗೂ ಕೋಡ್‌ಪೈಪ್‌ಲೈನ್ ಫುಲ್‌ಆ್ಯಕ್ಸೆಸ್ ಪಾಲಿಸಿ ಹಾಕಿಬಿಟ್ಟಿದ್ದೆ. ಆಗ ನಾವು ನಾಲ್ಕೇ ಜನ ಇದ್ದೆವು, ನಡೀತಾ ಇತ್ತು. ಹೋದ ತಿಂಗಳು ಸೇರಿದ ಹುಡುಗ ಟೆಸ್ಟ್ ಪೈಪ್‌ಲೈನ್ ಅಂದುಕೊಂಡು ಪ್ರೊಡಕ್ಷನ್‌ನಲ್ಲಿ ‘ರಿಲೀಸ್ ಚೇಂಜ್’ ಒತ್ತಿದ. ಎರಡರ ಹೆಸರಿನಲ್ಲೂ ಕೊನೆಯ ಪದ ಮಾತ್ರ ಬೇರೆ, ಕನ್ಸೋಲ್ ಪಟ್ಟಿಯಲ್ಲಿ ಒಂದರ ಕೆಳಗೆ ಒಂದು ಕೂತಿರುತ್ತವೆ. ಹಾಗಾಗಿ ಅವನನ್ನು ಬೈಯುವುದರಲ್ಲಿ ಅರ್ಥ ಇಲ್ಲ. ಮೇನ್ ಬ್ರಾಂಚ್‌ನಲ್ಲಿ ಅರ್ಧ ಮುಗಿದ ರೇಟ್ ಚಾರ್ಟ್ ಬದಲಾವಣೆ ಇತ್ತು. ಅದು ಹಾಗೇ ಸರ್ವರ್‌ಗೆ ಹೋಯಿತು.

ಆಗ ಸಂಜೆ ಆರಕ್ಕೆ ಹತ್ತು ನಿಮಿಷ. ಹಾಲು ಹಾಕುವ ಹೊತ್ತು ಅದು. ಮಂಡ್ಯ ಕಡೆಯ ಒಂದು ಡೈರಿಯ ಸೆಕ್ರೆಟರಿ ಫೋನ್ ಮಾಡಿದರು. ‘ಅಮ್ಮಾ, ಇಲ್ಲಿ ಜನ ಕ್ಯಾನ್ ಹಿಡ್ಕೊಂಡು ಸಾಲಲ್ಲಿ ನಿಂತವ್ರೆ. ಫ್ಯಾಟ್ ಬರ್ತದೆ, ರೇಟು ಮಾತ್ರ ಸೊನ್ನೆ ಬರ್ತದೆ’ ಅಂದರು. ನಾವು ಹಳೆಯ ವರ್ಷನ್ ವಾಪಸ್ ಹಾಕುವಷ್ಟರಲ್ಲಿ 35 ನಿಮಿಷ ಆಗಿತ್ತು. ಅಷ್ಟು ಹೊತ್ತೂ ಅವರು ಗೆರೆ ಹಾಕಿದ ನೋಟ್‌ಬುಕ್‌ನಲ್ಲಿ ಕೈಯಲ್ಲೇ ಬರೆದುಕೊಂಡರು. ಮಾರನೇ ದಿನ ಅದರ ಫೋಟೋ ಕಳಿಸಿದರು. ಒಂದೊಂದೇ ಸಾಲು ನೋಡಿಕೊಂಡು ನಾನೇ ಎಂಟ್ರಿ ಮಾಡಿದೆ. ಒಬ್ಬ ಅಜ್ಜಿಯ ಹೆಸರಿನ ಮುಂದೆ 1.2 ಲೀಟರ್ ಅಂತ ಇತ್ತು. ಆ ದುಡ್ಡು ಸೊನ್ನೆ ಆಗಿಬಿಟ್ಟಿದ್ದರೆ ಅವರಿಗೆ ಯಾರು ಜವಾಬು ಹೇಳಬೇಕಿತ್ತು ಅಂತ ಇವತ್ತಿಗೂ ಕಾಡುತ್ತಿದೆ.

ಅದಾದ ಮೇಲೆ ಫುಲ್‌ಆ್ಯಕ್ಸೆಸ್ ಕಿತ್ತುಹಾಕಿದೆ. ಡೆವಲಪರ್, ಟೆಸ್ಟರ್, ಅಡ್ಮಿನ್ ಅಂತ ಮೂರು ಗುಂಪು ಮಾಡಿದೆ. ಪ್ರೊಡಕ್ಷನ್‌ನಲ್ಲಿ ಡಿಪ್ಲಾಯ್ ಆಗುವ ಮೊದಲು ಒಂದು ಮ್ಯಾನುಯಲ್ ಅಪ್ರೂವಲ್ ಸೇರಿಸಿದೆ. ಈಗ ಸಿಕ್ಕಿಕೊಂಡಿರುವುದು ಇಲ್ಲಿ:

ನಮ್ಮ ಸೀನಿಯರ್ ಟೆಸ್ಟರ್ ಒಬ್ಬರೇ ಪ್ರೊಡಕ್ಷನ್‌ಗೆ ಒಪ್ಪಿಗೆ ಕೊಡಬೇಕು ಅಂತ ನನ್ನ ಆಸೆ. ಅವರಿಗೆ ಪುಟ್‌ಅಪ್ರೂವಲ್‌ರಿಸಲ್ಟ್ ಪರ್ಮಿಷನ್ ಕೊಟ್ಟೆ, ರಿಸೋರ್ಸ್ ಜಾಗದಲ್ಲಿ ಕನ್ಸೋಲ್‌ನಿಂದ ಕಾಪಿ ಮಾಡಿದ ಪೈಪ್‌ಲೈನ್ ಎಆರ್‌ಎನ್ (ಎಡಬ್ಲ್ಯುಎಸ್‌ನಲ್ಲಿ ಅದರ ಪೂರ್ತಿ ವಿಳಾಸ) ಹಾಕಿದೆ. ಪೈಪ್‌ಲೈನ್ ಅವರಿಗೆ ಕಾಣುತ್ತದೆ. ಅಪ್ರೂವ್ ಒತ್ತಿದರೆ ಆ್ಯಕ್ಸೆಸ್ ಡಿನೈಡ್. ಎಡಬ್ಲ್ಯುಎಸ್‌ನವರ ರೆಡಿಮೇಡ್ ಅಪ್ರೂವರ್ ಪಾಲಿಸಿ ಹಾಕಿದರೆ ಕೆಲಸ ಆಗುತ್ತೆ. ಆದರೆ ಆಗ ಪಶು ಆಹಾರದ ಪೈಪ್‌ಲೈನ್‌ಗೂ ಅವರು ಒಪ್ಪಿಗೆ ಕೊಡಬಹುದು, ಅದು ಬೇಡ.

ಎರಡನೆಯದು, ನಮ್ಮ ಡೆವಲಪರ್ ಲೀಡ್ ಟೆಸ್ಟ್ ಪೈಪ್‌ಲೈನ್ ಬದಲಾಯಿಸಿ ಸೇವ್ ಮಾಡಿದರೆ ಐಎಎಮ್ (ಎಡಬ್ಲ್ಯುಎಸ್‌ನ ಪರ್ಮಿಷನ್ ವ್ಯವಸ್ಥೆ) ಪಾಸ್‌ರೋಲ್ ಇಲ್ಲ ಅನ್ನುವ ಎರರ್ ಬರುತ್ತಿದೆ. ‘ಪಾಸ್‌ರೋಲ್‌ಗೆ ಸ್ಟಾರ್ ಹಾಕಿಬಿಡಿ ಮೇಡಂ, ಎಲ್ಲರೂ ಹಾಕ್ತಾರೆ’ ಅಂತಿದ್ದಾರೆ. ಸ್ಟಾರ್ ಅಂದರೆ ಎಲ್ಲ ರೋಲ್‌ಗೂ ಅಂತ ಆಗುತ್ತೆ, ನನಗೆ ಧೈರ್ಯ ಬರುತ್ತಿಲ್ಲ. ಯಾವ ರೋಲ್ ಕೇಳುತ್ತಿದೆ ಅಂತ ಕ್ಲೌಡ್‌ಟ್ರೇಲ್‌ನಲ್ಲಿ (ಯಾರು ಏನು ಮಾಡಿದರು ಅನ್ನುವ ಲಾಗ್) ಪಾಸ್‌ರೋಲ್ ಅಂತ ಹುಡುಕಿದೆ. ಒಂದೂ ಎಂಟ್ರಿ ಸಿಗಲಿಲ್ಲ. ನಾನು ಹುಡುಕುತ್ತಿರುವುದೇ ತಪ್ಪಾ?

ನೀವೆಲ್ಲ ಇದನ್ನು ಹೇಗೆ ಹಂಚಿದ್ದೀರಿ, ದಯವಿಟ್ಟು ಹೇಳಿ.


ರಾತ್ರಿಪಾಳಿ ಉತ್ತರ:

ನಮಸ್ಕಾರ ಮೇಡಂ. ನೋಟ್‌ಬುಕ್ ನೋಡಿ ಎಂಟ್ರಿ ಮಾಡಿದ್ದು ಓದಿ ಮನಸ್ಸು ತುಂಬಿ ಬಂತು. ನಮ್ಮ ಮನೆಯಲ್ಲೂ ಎರಡು ಹಸು ಇದ್ದವು, ಆ ಚೀಟಿಯ ಬೆಲೆ ಏನು ಅಂತ ಗೊತ್ತು.

ಸುಲಭದ್ದು ಮೊದಲು. ಅಪ್ರೂವಲ್‌ಗೆ ಪೈಪ್‌ಲೈನ್ ಎಆರ್‌ಎನ್ ಒಂದೇ ಸಾಲದು. ಪುಟ್‌ಅಪ್ರೂವಲ್‌ರಿಸಲ್ಟ್ ನೋಡುವುದು ಪೈಪ್‌ಲೈನ್ ಒಳಗಿನ ಆ ಒಂದು ಆ್ಯಕ್ಷನ್ ಅನ್ನು. ಅಂದರೆ ಎಆರ್‌ಎನ್ ಕೊನೆಯಲ್ಲಿ ಪೈಪ್‌ಲೈನ್ ಹೆಸರು, ಸ್ಲ್ಯಾಶ್, ಸ್ಟೇಜ್ ಹೆಸರು, ಸ್ಲ್ಯಾಶ್, ಆ್ಯಕ್ಷನ್ ಹೆಸರು ಇರಬೇಕು. ಕನ್ಸೋಲ್ ಕೊಡುವುದು ಮೊದಲ ತುಂಡು ಮಾತ್ರ, ಮುಂದಿನ ಎರಡನ್ನು ನೀವೇ ಟೈಪ್ ಮಾಡಬೇಕು. ದೊಡ್ಡ ಅಕ್ಷರ, ಸಣ್ಣ ಅಕ್ಷರ ಕೂಡ ಇದ್ದ ಹಾಗೇ ಇರಲಿ. ಇಷ್ಟು ಮಾಡಿದರೆ ನಿಮ್ಮ ಟೆಸ್ಟರ್‌ಗೆ ಆ ಒಂದು ಬಟನ್ ಮಾತ್ರ ಸಿಗುತ್ತದೆ. ಪೈಪ್‌ಲೈನ್ ನೋಡುವ ಪರ್ಮಿಷನ್‌ಗಳನ್ನು ಬೇರೆ ಸ್ಟೇಟ್‌ಮೆಂಟ್‌ನಲ್ಲಿ ಇಡಿ.

ಹುಡುಗನ ವಿಷಯವೂ ಹಾಗೇ. ರಿಲೀಸ್ ಚೇಂಜ್ ಬಟನ್‌ನ ಹಿಂದೆ ಇರುವುದು ಸ್ಟಾರ್ಟ್‌ಪೈಪ್‌ಲೈನ್‌ಎಕ್ಸಿಕ್ಯೂಷನ್. ಅದನ್ನು ಟೆಸ್ಟ್ ಪೈಪ್‌ಲೈನ್‌ನ ಎಆರ್‌ಎನ್‌ಗೆ ಮಾತ್ರ ಕೊಡಿ. ಹೆಸರುಗಳು ಒಂದೇ ಥರ ಇವೆ ಅಂದಿರಿ, ಹಾಗಾಗಿ ಹೆಸರಿನ ಮಧ್ಯದಲ್ಲಿ ಸ್ಟಾರ್ ಹಾಕಬೇಡಿ. ಮೊದಲರ್ಧ ಬರೆದು ಸ್ಟಾರ್ ಹಾಕಿದರೆ ಪ್ರೊಡಕ್ಷನ್ ಕೂಡ ಅದರೊಳಗೆ ಬರುತ್ತದೆ.

ಈಗ ಪಾಸ್‌ರೋಲ್. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಪೈಪ್‌ಲೈನ್ ತಾನು ಕೆಲಸ ಮಾಡುವಾಗ ನಿಮ್ಮ ಪರ್ಮಿಷನ್ ಬಳಸುವುದಿಲ್ಲ. ಅದಕ್ಕೆ ತನ್ನದೇ ಸರ್ವಿಸ್ ರೋಲ್ ಇರುತ್ತದೆ. ಪೈಪ್‌ಲೈನ್ ಸೇವ್ ಮಾಡುವವರು ‘ಈ ರೋಲ್ ತೊಟ್ಟುಕೊಂಡು ಕೆಲಸ ಮಾಡು’ ಅಂತ ಅದಕ್ಕೆ ಒಪ್ಪಿಸುತ್ತಾರೆ. ಹೀಗೆ ಒಪ್ಪಿಸುವ ಹಕ್ಕೇ ಪಾಸ್‌ರೋಲ್. ಡೈರಿಯಲ್ಲಿ ಬೀರುವಿನ ಕೀ ಸೆಕ್ರೆಟರಿ ಹತ್ತಿರ ಇರುತ್ತೆ. ಆದರೆ ‘ನಾಳೆಯಿಂದ ಕೀ ಇವರ ಕೈಗೆ ಕೊಡಿ’ ಅಂತ ಹೇಳುವ ಅಧಿಕಾರ ಯಾರಿಗೋ ಇದ್ದರೆ, ಕೀ ಅವರ ಹತ್ತಿರವೇ ಇದ್ದ ಹಾಗಲ್ವಾ? ಸ್ಟಾರ್ ಹಾಕಿದರೆ ಆಗುವುದು ಅದೇ. ಆ ಸರ್ವಿಸ್ ತೊಡಬಹುದಾದ ರೋಲ್‌ಗಳಲ್ಲಿ ಅತಿ ಬಲವಾದದ್ದನ್ನು ಹುಡುಕಿ ಒಪ್ಪಿಸಬಹುದು. ಹಾಕಬೇಡಿ. ಟೆಸ್ಟ್ ಪೈಪ್‌ಲೈನ್‌ನ ಸರ್ವಿಸ್ ರೋಲ್ ಎಆರ್‌ಎನ್ ಒಂದನ್ನೇ ಬರೆಯಿರಿ. ಜೊತೆಗೆ ಪಾಸ್ಡ್‌ಟುಸರ್ವಿಸ್ ಕಂಡೀಷನ್ ಹಾಕಿ, ಅದರಲ್ಲಿ ಕೋಡ್‌ಪೈಪ್‌ಲೈನ್ ಸರ್ವಿಸ್ ಹೆಸರು ಕೊಡಿ. ಎರಡೂ ಪೈಪ್‌ಲೈನ್‌ಗೆ ಒಂದೇ ಸರ್ವಿಸ್ ರೋಲ್ ಇದ್ದರೆ ಇವತ್ತೇ ಬೇರೆ ಮಾಡಿ.

ನೀವು ಹುಡುಕಿದ್ದರಲ್ಲಿ ತಪ್ಪಿಲ್ಲ. ಪಾಸ್‌ರೋಲ್ ಅನ್ನುವುದು ಎಪಿಐ ಕರೆಯೇ ಅಲ್ಲ, ಬರೀ ಪರ್ಮಿಷನ್. ಹಾಗಾಗಿ ಕ್ಲೌಡ್‌ಟ್ರೇಲ್‌ನಲ್ಲಿ ಆ ಹೆಸರಿನ ಎಂಟ್ರಿ ಬರುವುದೇ ಇಲ್ಲ. ಅಪ್‌ಡೇಟ್‌ಪೈಪ್‌ಲೈನ್ ಅಂತ ಹುಡುಕಿ. ಆ ಎಂಟ್ರಿಯ ಎರರ್ ಮೆಸೇಜ್ ಒಳಗೆ ಯಾವ ರೋಲ್ ಅಂತ ಇರುತ್ತದೆ. ಈವೆಂಟ್ ಹಿಸ್ಟರಿಯಲ್ಲಿ ಕಳೆದ 90 ದಿನದ್ದು ಸಿಗುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದ ಒಂದು ಮಾತು. ಬಟನ್‌ಗಳಿಗೆ ಬೀಗ ಹಾಕಿದಿರಿ, ಸರಿ. ಆದರೆ ಪ್ರೊಡಕ್ಷನ್ ಪೈಪ್‌ಲೈನ್‌ಗೆ ಅಪ್‌ಡೇಟ್‌ಪೈಪ್‌ಲೈನ್ ಯಾರಿಗಿದೆ? ಅದು ಇದ್ದವರು ಅಪ್ರೂವಲ್ ಸ್ಟೇಜನ್ನೇ ತೆಗೆದು ಸೇವ್ ಮಾಡಬಹುದು. ಆಮೇಲೆ ಬಿಲ್ಡ್‌ನಲ್ಲಿ ಓಡುವ ಕಮಾಂಡ್‌ಗಳ ಪಟ್ಟಿ, ಅಂದರೆ ಬಿಲ್ಡ್‌ಸ್ಪೆಕ್ ಫೈಲ್ ಎಲ್ಲಿದೆ? ರೆಪೊಸಿಟರಿಯಲ್ಲೇ ಇದ್ದರೆ, ಆ ಬ್ರಾಂಚ್‌ಗೆ ಪುಶ್ ಮಾಡುವ ಯಾರು ಬೇಕಾದರೂ ಅದರಲ್ಲಿ ಯಾವ ಕಮಾಂಡ್ ಬೇಕಾದರೂ ಬರೆಯಬಹುದು. ಅದು ಓಡುವುದು ಕೋಡ್‌ಬಿಲ್ಡ್‌ನ ರೋಲ್‌ನಲ್ಲಿ. ಬಿಲ್ಡ್ ನಡೆಯುವುದು ಅಪ್ರೂವಲ್‌ಗಿಂತ ಮೊದಲು. ನಿಮ್ಮ ಟೆಸ್ಟರ್ ಒಪ್ಪಿಗೆ ಕೊಡುವ ಹೊತ್ತಿಗೆ ಆಗುವುದೆಲ್ಲ ಆಗಿಹೋಗಿರುತ್ತದೆ. ಆ ಬಿಲ್ಡ್ ರೋಲ್‌ಗೆ ಏನೇನು ಪಾಲಿಸಿ ಇದೆ, ದಯವಿಟ್ಟು ಈಗಲೇ ತೆಗೆದು ನೋಡಿ.


ಹಾಲುಚೀಟಿ:

ಸರ್, ತುಂಬಾ ಥ್ಯಾಂಕ್ಸ್. ಅಪ್ರೂವಲ್ ಆಯಿತು! ಮೊದಲ ಸಲ ಮತ್ತೆ ಡಿನೈಡ್ ಬಂತು, ಆಗ ನಿಮ್ಮ ಮಾತು ನೆನಪಾಯಿತು. ಸ್ಟೇಜ್ ಹೆಸರಿನ ಮೊದಲ ಅಕ್ಷರ ದೊಡ್ಡದು, ನಾನು ಸಣ್ಣದಾಗಿ ಬರೆದಿದ್ದೆ. ಸರಿ ಮಾಡಿದ ತಕ್ಷಣ ಒಪ್ಪಿಗೆ ಹೋಯಿತು. ಪಶು ಆಹಾರದ ಪೈಪ್‌ಲೈನ್‌ನಲ್ಲೂ ಒತ್ತಿ ನೋಡಲು ಹೇಳಿದೆ, ಅಲ್ಲಿ ಡಿನೈಡ್ ಬಂತು. ಅದನ್ನು ನೋಡಿ ಇಬ್ಬರಿಗೂ ಖುಷಿ ಆಯಿತು.

ಅಪ್‌ಡೇಟ್‌ಪೈಪ್‌ಲೈನ್ ಎಂಟ್ರಿಯಲ್ಲಿ ರೋಲ್ ಹೆಸರು ಸಿಕ್ಕಿತು. ಎರಡೂ ಪೈಪ್‌ಲೈನ್‌ಗೆ ಒಂದೇ ಸರ್ವಿಸ್ ರೋಲ್ ಇತ್ತು. ಬೇರೆ ಮಾಡಿದ್ದೇನೆ.

ಆದರೆ ಬಿಲ್ಡ್ ರೋಲ್ ತೆಗೆದು ನೋಡಿ ಕೈಕಾಲು ತಣ್ಣಗಾಯಿತು. ಅಡ್ಮಿನಿಸ್ಟ್ರೇಟರ್‌ಆ್ಯಕ್ಸೆಸ್ ಇದೆ! ಎರಡು ವರ್ಷದ ಹಿಂದೆ ಯಾವುದೋ ಬಿಲ್ಡ್ ನಿಂತಾಗ ಹಾಕಿದ್ದಿರಬೇಕು, ಆಮೇಲೆ ಯಾರೂ ತೆಗೆದಿಲ್ಲ. ಬಿಲ್ಡ್‌ಸ್ಪೆಕ್ ಕೂಡ ರೆಪೊಸಿಟರಿಯಲ್ಲೇ ಇದೆ. ಅಂದರೆ ಇಷ್ಟು ದಿನ ಪುಶ್ ಮಾಡುವವರೆಲ್ಲ ಅಡ್ಮಿನ್ ಆಗಿದ್ದರು ಅಂತ ಅಲ್ವಾ? ಒಂದೇ ಸಲ ಕಿತ್ತರೆ ಬೆಳಗಿನ ಹಾಲಿನ ಹೊತ್ತಿಗೆ ಏನಾದರೂ ನಿಂತುಹೋದೀತು ಅನ್ನುವ ಭಯ. ಹೇಗೆ ಕಮ್ಮಿ ಮಾಡುತ್ತಾ ಬರಲಿ?


ಅಡಿಕೆಮರ ಉತ್ತರ:

ಹೌದು, ಅರ್ಥ ಅದೇ. ಆದರೆ ಗಾಬರಿ ಬೇಡ, ಇದಕ್ಕೆ ಒಳ್ಳೆಯ ದಾರಿ ಇದೆ. ಐಎಎಮ್ ಆ್ಯಕ್ಸೆಸ್ ಅನಲೈಸರ್‌ನಲ್ಲಿ ‘ಪಾಲಿಸಿ ಜನರೇಟ್’ ಅಂತ ಇದೆ, 2021ರಲ್ಲಿ ಬಂತು. ಒಂದು ರೋಲ್ ಇಷ್ಟು ದಿನ ನಿಜವಾಗಿ ಏನೇನು ಬಳಸಿದೆ ಅಂತ ಕ್ಲೌಡ್‌ಟ್ರೇಲ್ ಓದಿ, ಅಷ್ಟಕ್ಕೇ ಪಾಲಿಸಿ ಬರೆದುಕೊಡುತ್ತದೆ. 90 ದಿನದವರೆಗಿನ ಲಾಗ್ ಕೊಡಬಹುದು. ಅದಕ್ಕೆ ಕ್ಲೌಡ್‌ಟ್ರೇಲ್‌ನಲ್ಲಿ ಒಂದು ಟ್ರೇಲ್ ಮೊದಲೇ ಮಾಡಿ ಇಟ್ಟಿರಬೇಕು, ಸುಮ್ನೆ ಈವೆಂಟ್ ಹಿಸ್ಟರಿ ಇದ್ದರೆ ಸಾಲದು.

ಒಂದು ಎಚ್ಚರ. ಮೇಲೆ ಹೇಳಿದ ಹಾಗೆ ಪಾಸ್‌ರೋಲ್ ಲಾಗ್‌ನಲ್ಲಿ ಬರುವುದಿಲ್ಲ. ಆದ್ದರಿಂದ ಅದು ಬರೆದುಕೊಡುವ ಪಾಲಿಸಿಯಲ್ಲೂ ಪಾಸ್‌ರೋಲ್ ಇರುವುದಿಲ್ಲ. ಬೇಕಿದ್ದರೆ ಕೈಯಲ್ಲೇ ಸೇರಿಸಿ. ನಾನು ಇದು ಗೊತ್ತಿಲ್ಲದೆ ಅರ್ಧ ದಿನ ಕಳೆದಿದ್ದೆ. ಎಸ್‌3ಯಲ್ಲಿ (ಎಡಬ್ಲ್ಯುಎಸ್‌ನ ಫೈಲ್ ಸಂಗ್ರಹ) ಫೈಲ್ ಓದಿದ್ದು, ಬರೆದದ್ದು ಕೂಡ ಸಿಗುವುದಿಲ್ಲ, ಆ ಥರದ ಡೇಟಾ ಈವೆಂಟ್ ಅದು ನೋಡಲ್ಲ. ಆರ್ಟಿಫ್ಯಾಕ್ಟ್ ಬಕೆಟ್‌ನ (ಪೈಪ್‌ಲೈನ್ ಫೈಲ್‌ಗಳು ಇರುವ ಎಸ್‌3 ಜಾಗ) ಪರ್ಮಿಷನ್ ನೀವೇ ಬರೆಯಬೇಕು.


ರಾತ್ರಿಪಾಳಿ:

ಅಡಿಕೆಮರ ಹೇಳಿದ್ದು ಸರಿ. ಮೊದಲು ಟೆಸ್ಟ್ ಬಿಲ್ಡ್‌ಗೆ ಹೊಸ ರೋಲ್ ಮಾಡಿ. ಹಳೆಯದನ್ನು ಮುಟ್ಟಬೇಡಿ. ನಿಮ್ಮ ಬಿಲ್ಡ್‌ಗೆ ಬೇಕಾಗುವುದು ಜಾಸ್ತಿ ಏನಿಲ್ಲ. ಲಾಗ್ ಬರೆಯುವುದು, ಆರ್ಟಿಫ್ಯಾಕ್ಟ್ ಬಕೆಟ್‌ನಿಂದ ಓದುವುದು ಬರೆಯುವುದು, ಕಂಟೇನರ್ ಇದ್ದರೆ ಇಸಿಆರ್‌ಗೆ (ಕಂಟೇನರ್ ಇಮೇಜ್ ಇಡುವ ಜಾಗ) ಪುಶ್ ಮಾಡುವುದು. ಒಂದು ವಾರ ಟೆಸ್ಟ್‌ನಲ್ಲಿ ಓಡಲಿ. ಎಲ್ಲಾದರೂ ನಿಂತರೆ ಯಾವ ಪರ್ಮಿಷನ್ ಅಂತ ಎರರೇ ಹೇಳುತ್ತದೆ. ಅದೊಂದನ್ನೇ ಸೇರಿಸಿ.

ಪ್ರೊಡಕ್ಷನ್‌ಗೆ ಬೇರೆ ಬಿಲ್ಡ್ ಪ್ರಾಜೆಕ್ಟ್, ಬೇರೆ ರೋಲ್. ಅದರ ಬಿಲ್ಡ್‌ಸ್ಪೆಕ್ ರೆಪೊಸಿಟರಿಯಲ್ಲಿ ಬೇಡ, ಪ್ರಾಜೆಕ್ಟ್ ಸೆಟ್ಟಿಂಗ್ ಒಳಗೇ ಬರೆದಿಡಿ. ಆದರೂ ಅದು ಕರೆಯುವ ಸ್ಕ್ರಿಪ್ಟ್‌ಗಳು ರೆಪೊಸಿಟರಿಯಲ್ಲೇ ಇರುತ್ತವೆ. ಅದಕ್ಕೇ ರೋಲ್ ಸಣ್ಣದಾಗಿರಬೇಕು. ಮೇನ್ ಬ್ರಾಂಚ್‌ಗೆ ನೇರ ಪುಶ್ ನಿಲ್ಲಿಸಿ, ಇನ್ನೊಬ್ಬರು ನೋಡಿ ಒಪ್ಪಿದ ಮೇಲೆ ಮಾತ್ರ ಸೇರುವ ಹಾಗೆ ಮಾಡಿ.

ಇನ್ನೊಂದು ಸಂದು ಇದೆ, ತುಂಬಾ ಜನ ಗಮನಿಸುವುದಿಲ್ಲ. ಕೋಡ್‌ಬಿಲ್ಡ್‌ನ ಸ್ಟಾರ್ಟ್‌ಬಿಲ್ಡ್ ಪರ್ಮಿಷನ್. ‘ಬಿಲ್ಡ್ ಶುರು ಮಾಡೋದು ತಾನೇ, ಕೊಡೋಣ’ ಅನಿಸುತ್ತದೆ. ಆದರೆ ಶುರು ಮಾಡುವಾಗಲೇ ಬೇರೆ ಬಿಲ್ಡ್‌ಸ್ಪೆಕ್ ಕೊಟ್ಟು ಓಡಿಸಲು ಅದರಲ್ಲಿ ಅವಕಾಶ ಇದೆ. ಪ್ರಾಜೆಕ್ಟ್ ಒಳಗೆ ಬರೆದಿಟ್ಟದ್ದು ಆಗ ಲೆಕ್ಕಕ್ಕೇ ಇಲ್ಲ. ಪ್ರೊಡಕ್ಷನ್ ಪ್ರಾಜೆಕ್ಟ್‌ಗೆ ಸ್ಟಾರ್ಟ್‌ಬಿಲ್ಡ್ ಇರಬೇಕಾದದ್ದು ಪೈಪ್‌ಲೈನ್‌ನ ಸರ್ವಿಸ್ ರೋಲ್‌ಗೆ ಮಾತ್ರ.

ಮತ್ತೆ, ಅಪ್ರೂವಲ್ ನೋಡುವುದು ನಿಮಗೆ ಪರ್ಮಿಷನ್ ಇದೆಯಾ ಅಂತ ಅಷ್ಟೇ. ಕೋಡ್ ಬರೆದವರೇ ಒಪ್ಪಿಗೆ ಕೊಡುತ್ತಿದ್ದಾರಾ ಅಂತ ಅದು ನೋಡುವುದಿಲ್ಲ. ಡೆವಲಪರ್ ಗುಂಪಿನಲ್ಲಿ ಇರುವವರು ಟೆಸ್ಟರ್ ಗುಂಪಿನಲ್ಲಿ ಇರದ ಹಾಗೆ ನೀವೇ ನೋಡಿಕೊಳ್ಳಬೇಕು.


ಕೊಪ್ಪಳದವ ಉತ್ತರ:

ಮೇಡಂ, ಒಪ್ಪಿಗೆ ಕೊಡುವವರು ಒಬ್ಬರೇ ಅಂತ ಬರೆದಿದ್ದೀರಿ. ಅಲ್ಲಿ ಒಂದು ಮಾತು. ಬೇರೆ ಅವಧಿ ಹಾಕದಿದ್ದರೆ ಮ್ಯಾನುಯಲ್ ಅಪ್ರೂವಲ್ 7 ದಿನ ಕಾಯುತ್ತದೆ, ಆಮೇಲೆ ತಾನೇ ಫೇಲ್ ಆಗುತ್ತದೆ. ನಮ್ಮಲ್ಲಿ ಒಪ್ಪಿಗೆ ಕೊಡಬೇಕಾದವರು ಮಗಳ ಮದುವೆಗೆ ಹತ್ತು ದಿನ ರಜೆ ಹಾಕಿದ್ದರು. ಬಡ್ಡಿ ಲೆಕ್ಕದ ಒಂದು ತಿದ್ದುಪಡಿ ಹಾಗೇ ಕೂತಿತ್ತು. ಎಂಟನೇ ದಿನ ನೋಡಿದರೆ ಕೆಂಪು. ಆಗ ಗಡಿಬಿಡಿಯಲ್ಲಿ ಯಾರೋ ಎಲ್ಲರಿಗೂ ಅಪ್ರೂವರ್ ಪಾಲಿಸಿ ಹಾಕಿಬಿಟ್ಟರು, ಮತ್ತೆ ಮೊದಲಿನ ಸ್ಥಿತಿಗೇ ಬಂದೆವು. ಹಾಗಾಗಿ ಎರಡನೇ ಒಬ್ಬರನ್ನು ಈಗಲೇ ಗುಂಪಿಗೆ ಸೇರಿಸಿ ಇಡಿ. ಎಸ್‌ಎನ್‌ಎಸ್ ಟಾಪಿಕ್ ಜೋಡಿಸಿದರೆ ಒಪ್ಪಿಗೆ ಬಾಕಿ ಇದ್ದಾಗ ಇಬ್ಬರಿಗೂ ಮೇಲ್ ಹೋಗುತ್ತದೆ.

ಮುಂದೆ ಪ್ರೊಡಕ್ಷನ್ ಬೇರೆ ಅಕೌಂಟ್‌ಗೆ ಒಯ್ಯುವ ಯೋಚನೆ ಇದ್ದೇ ಇರುತ್ತದೆ. ಹುಡುಗ ಒತ್ತಿದ್ದಂಥದ್ದಕ್ಕೆ ಅದೇ ಗಟ್ಟಿ ಗೋಡೆ. ಆದರೆ ನಾನು ಅಲ್ಲಿ ಎಡವಿದ್ದು ಎನ್‌ಕ್ರಿಪ್ಷನ್ ಕೀಯಲ್ಲಿ. ರೋಲ್ ಸರಿ, ಟ್ರಸ್ಟ್ ಪಾಲಿಸಿ (ಆ ರೋಲ್ ಯಾರು ತೊಡಬಹುದು ಅನ್ನುವುದು) ಸರಿ, ಬಕೆಟ್ ಪಾಲಿಸಿ ಸರಿ, ಆದರೂ ಡಿಪ್ಲಾಯ್ ಸ್ಟೇಜ್‌ನಲ್ಲಿ ಆ್ಯಕ್ಸೆಸ್ ಡಿನೈಡ್. ಎರಡು ರಾತ್ರಿ ಕೂತೆ. ಆರ್ಟಿಫ್ಯಾಕ್ಟ್ ಬಕೆಟ್‌ಗೆ ಬೇರೆ ಕೀ ಕೊಡದಿದ್ದರೆ ಎಡಬ್ಲ್ಯುಎಸ್ ತಾನೇ ನಿರ್ವಹಿಸುವ ಎಸ್‌3 ಕೀ ಬಳಸುತ್ತದೆ. ಆ ಕೀಯ ಪಾಲಿಸಿ ನಾವು ಬದಲಾಯಿಸಲು ಬರುವುದಿಲ್ಲ, ಬೇರೆ ಅಕೌಂಟ್‌ನವರು ಅದರಿಂದ ಫೈಲ್ ತೆರೆಯಲು ಆಗುವುದೇ ಇಲ್ಲ. ಕೆಎಮ್ಎಸ್‌ನಲ್ಲಿ (ಎಡಬ್ಲ್ಯುಎಸ್‌ನ ಕೀ ನಿರ್ವಹಣೆಯ ಸರ್ವಿಸ್) ನಮ್ಮದೇ ಕೀ ಮಾಡಿ, ಅದರ ಪಾಲಿಸಿಯಲ್ಲಿ ಆ ಅಕೌಂಟ್‌ನ ರೋಲ್ ಸೇರಿಸಬೇಕು. ಪೈಪ್‌ಲೈನ್ ವಿವರದಲ್ಲೂ ಆ ಕೀ ಬರೆಯಬೇಕು.

ಇನ್ನೊಂದು ಸಣ್ಣದು. ಗಿಟ್‌ಹಬ್ ಜೋಡಿಸುವ ಕೋಡ್‌ಸ್ಟಾರ್ ಕನೆಕ್ಷನ್ಸ್ ಹೆಸರು 2024ರ ಮಾರ್ಚ್‌ನಲ್ಲಿ ಕೋಡ್‌ಕನೆಕ್ಷನ್ಸ್ ಅಂತ ಆಯಿತು. ಹೊಸ ಸರ್ವಿಸ್ ರೋಲ್‌ಗೆ ಯೂಸ್‌ಕನೆಕ್ಷನ್ ಬರೆಯುವಾಗ ಹಳೆಯ ಹೆಸರು, ಹೊಸ ಹೆಸರು ಎರಡರಲ್ಲೂ ಬರೆದಿಡಿ. ಇಲ್ಲದಿದ್ದರೆ ಸೋರ್ಸ್ ಸ್ಟೇಜ್‌ನಲ್ಲೇ ನಿಲ್ಲಬಹುದು ನೋಡ್ರಿ.


ಹಾಲುಚೀಟಿ:

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಹನ್ನೆರಡು ದಿನ ಆಯಿತು, ಆಗಿರುವುದನ್ನು ಬರೆದುಬಿಡುತ್ತೇನೆ. ಮುಂದೆ ಹುಡುಕಿಕೊಂಡು ಬರುವವರಿಗೆ ಉಪಯೋಗ ಆಗಬಹುದು.

ಬದಲಾವಣೆ ಎಲ್ಲ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರ ಒಳಗೆ ಮಾಡಿದೆವು. ಬೆಳಗಿನ ಹಾಲು ಮುಗಿದಿರುತ್ತದೆ, ಸಂಜೆಯದು ಶುರುವಾಗಿರುವುದಿಲ್ಲ. ಟೆಸ್ಟ್ ಬಿಲ್ಡ್‌ನ ಹೊಸ ರೋಲ್ ಎರಡು ಸಲ ನಿಂತಿತು. ಒಮ್ಮೆ ಇಸಿಆರ್ ಲಾಗಿನ್ ಟೋಕನ್ ಪರ್ಮಿಷನ್ ಇಲ್ಲದೆ, ಇನ್ನೊಮ್ಮೆ ಸೀಕ್ರೆಟ್ಸ್ ಮ್ಯಾನೇಜರ್‌ನಲ್ಲಿರುವ ಒಂದು ಪಾಸ್‌ವರ್ಡ್ ಓದಲು ಆಗದೆ. ಎರಡನ್ನೂ ಸೇರಿಸಿದೆ. ನಿನ್ನೆ ಪ್ರೊಡಕ್ಷನ್ ಬಿಲ್ಡ್‌ನಿಂದಲೂ ಅಡ್ಮಿನಿಸ್ಟ್ರೇಟರ್‌ಆ್ಯಕ್ಸೆಸ್ ತೆಗೆದೆ. ತೆಗೆದ ಮೇಲೆ ಮೊದಲ ಡಿಪ್ಲಾಯ್ ಹಸಿರು ಆಗುವವರೆಗೆ ಇಡೀ ತಂಡ ನನ್ನ ಟೇಬಲ್ ಸುತ್ತ ನಿಂತಿತ್ತು.

ಪ್ರೊಡಕ್ಷನ್‌ಗೆ ಅಪ್‌ಡೇಟ್‌ಪೈಪ್‌ಲೈನ್ ಈಗ ಇಬ್ಬರಿಗೆ ಮಾತ್ರ ಇದೆ. ಯಾರಾದರೂ ಅದನ್ನು ಬಳಸಿದರೆ ಈವೆಂಟ್‌ಬ್ರಿಜ್ ಮೂಲಕ ನಮ್ಮೆಲ್ಲರಿಗೂ ಮೇಲ್ ಬರುತ್ತದೆ. ಒಪ್ಪಿಗೆ ಕೊಡುವವರು ಇಬ್ಬರಾದರು, ಕೊಪ್ಪಳದ ಅಣ್ಣ ಹೇಳಿದ ಹಾಗೆ.

ಪೈಪ್‌ಲೈನ್ ಹೆಸರು ಬದಲಾಯಿಸಲು ಹೋದೆ, ಆಗುವುದಿಲ್ಲ ಅಂತ ಆಗ ಗೊತ್ತಾಯಿತು. ಹಳೆಯದರ ವಿವರ ಜೇಸನ್ ಆಗಿ ಇಳಿಸಿಕೊಂಡು, ಮೆಟಾಡೇಟಾ ಭಾಗ ತೆಗೆದು, ಹೊಸ ಹೆಸರಿನಲ್ಲಿ ಬೇರೆ ಪೈಪ್‌ಲೈನ್ ಮಾಡಿದೆ. ಈಗ ಪ್ರೊಡಕ್ಷನ್‌ನ ಹೆಸರು ಬೇರೆ ಅಕ್ಷರದಿಂದಲೇ ಶುರುವಾಗುತ್ತದೆ, ಪಟ್ಟಿಯಲ್ಲಿ ದೂರ ಕೂರುತ್ತದೆ. ಎಆರ್‌ಎನ್ ಬದಲಾದ್ದರಿಂದ ಪಾಲಿಸಿಗಳನ್ನೆಲ್ಲ ಮತ್ತೆ ತಿದ್ದಬೇಕಾಯಿತು. ಹೆಸರು ಬದಲಾಯಿಸುವವರು ಅದನ್ನು ಮೊದಲೇ ಮಾಡಿಕೊಳ್ಳಿ.

ಆ ಹುಡುಗನನ್ನು ಪಕ್ಕ ಕೂರಿಸಿಕೊಂಡು ಅವನ ಲಾಗಿನ್‌ನಿಂದಲೇ ಎಲ್ಲ ಒತ್ತಿಸಿದೆ. ಟೆಸ್ಟ್‌ನಲ್ಲಿ ಓಡಿತು. ಪ್ರೊಡಕ್ಷನ್‌ನಲ್ಲಿ ಒತ್ತುವಾಗ ಅವನ ಕೈ ಸ್ವಲ್ಪ ತಡೆಯಿತು. ‘ಒತ್ತು, ಏನೂ ಆಗಲ್ಲ’ ಅಂದೆ. ಆ್ಯಕ್ಸೆಸ್ ಡಿನೈಡ್ ಬಂತು. ಅವನು ಅದನ್ನು ಎರಡು ಸಲ ಓದಿ, ‘ಅಕ್ಕಾ, ಇನ್ನೊಂದು ಸಲ ಒತ್ತಲಾ?’ ಅಂದ.

ಬೇರೆ ಅಕೌಂಟ್‌ಗೆ ಒಯ್ಯುವುದು ಮುಂದಿನ ತಿಂಗಳು. ಕೀ ಪಾಲಿಸಿಯಲ್ಲಿ ಸಿಕ್ಕಿಕೊಂಡರೆ ಇಲ್ಲಿಗೇ ಬರುತ್ತೇನೆ.